ಮೂರು ಅಂತ ಬರೆದ ನೂರು ದಿನ

ನಮ್ಮ ಮನೆಯ ಫ್ಯಾನು ಏಳು ತಿಂಗಳು ತಿರುಗಲಿಲ್ಲ. ಭಾಂಡುಪಿನ ಚಾಳಿನಲ್ಲಿ, ತಗಡಿನ ಪತ್ರಾ ಹೊದಿಸಿದ ಖೋಲಿಯೊಳಗೆ, ಮೇ ತಿಂಗಳಲ್ಲಿ ಮೂರು ಜನ ಫ್ಯಾನಿಲ್ಲದೆ ಕೂತು ಊಟ ಮಾಡುವುದು ಅಂದರೆ ಏನು ಅಂತ ಮುಂಬಯಿ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫ್ಯಾನು ಕೆಟ್ಟಿರಲಿಲ್ಲ. ಅದರ ಗಾಳಿ ನನ್ನ ಬಲಗೈಗೆ ತಾಗಿದರೆ ಕಾದ ಹಂಚಿನ ಮೇಲೆ ಕೈ ಒತ್ತಿ ಹಿಡಿದಂತಾಗುತ್ತಿತ್ತು. ಬೆಂಕಿಯಲ್ಲ, ಕಬ್ಬಿಣವಲ್ಲ, ಬರೀ ಗಾಳಿ. ಹೇಳಿದರೆ ಯಾರು ನಂಬಬೇಕು?

ಗಾಯ ಮಾಯ್ದ ಮೇಲೂ ಉರಿ ಹೋಗದೆ, "ಕೈ ಚಲೋನೇ ಐತಲ್ಲ" ಅಂತ ಕಂಡಕಂಡವರಿಂದ ಅನ್ನಿಸಿಕೊಂಡು, ನನ್ನ ತಲೆಯೇ ಕೆಟ್ಟಿದೆಯೇನೋ ಅಂತ ಒಳಗೊಳಗೇ ಹೆದರಿದವರು ಇದ್ದರೆ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಬರೆಯುತ್ತಿರುವುದು ಎಡಗೈಯಲ್ಲಿ. ಹಾಗಾಗಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಜಯಪುರದ ಕಡೆಯಿಂದ ಬಂದು ಮೂವತ್ತು ವರ್ಷ ಉಕ್ಕು ಕಡೆಯುವ ಲೇಥ್ ಮಷಿನ್ ಮುಂದೆ ನಿಂತೆ. ಕಾರ್ಖಾನೆಯಲ್ಲಿ ನನ್ನನ್ನು ಉಸ್ತಾದ್ ಅಂತಲೇ ಕರೆಯುವುದು. ಕಡೆದ ಶಾಫ್ಟಿನ ಮೇಲೆ ಹೆಬ್ಬೆರಳು ಸವರಿದರೆ ಸಾಕು, ಕೂದಲೆಳೆಯಷ್ಟು ದಪ್ಪ ಉಳಿದಿದ್ದರೂ ಗೊತ್ತಾಗುತ್ತಿತ್ತು. ಆಮೇಲೆ ಮೈಕ್ರೋಮೀಟರ್ ಹಚ್ಚಿ ನೋಡಿದರೆ ಅದೂ ಅದನ್ನೇ ಹೇಳುತ್ತಿತ್ತು. ಈ ಸೊಕ್ಕೇ ನನ್ನ ಕೈ ಕೊಯ್ದಿದ್ದು. ಮಷಿನ್ನಿಂದ ಬರುವ ಉಕ್ಕಿನ ಸುರುಳಿಯನ್ನು ಕೊಕ್ಕೆಯಿಂದ ಎಳೆಯಬೇಕು. ಕೊಕ್ಕೆ ಕಾಲ ಬುಡದಲ್ಲೇ ಇತ್ತು. ನಾನು ಬರಿಗೈಯಲ್ಲಿ ಎಳೆದೆ. ಸುರುಳಿ, ಶಾಫ್ಟು ಹಿಡಿದು ತಿರುಗುವ ಚಕ್‌ಗೆ ಸುತ್ತಿಕೊಂಡು ಮಣಿಕಟ್ಟನ್ನು ಕತ್ತರಿಸಿಕೊಂಡು ಹೋಯಿತು. ದೀಪಾವಳಿ ಮುಗಿದ ವಾರ ಅದು.

ತುಂಡಾದ ನರವನ್ನು ಹೊಲಿದಿದ್ದೇವೆ, ನಿಧಾನಕ್ಕೆ ಬೆಳೆಯುತ್ತದೆ ಅಂದರು ಡಾಕ್ಟರು. ಹೊಲಿಗೆ ಬಿಚ್ಚಿದರು. ಗಾಯ ಮಾಯ್ದು ಗೆರೆಯಾಯಿತು. ಸಂಕ್ರಾಂತಿ ಹೊತ್ತಿಗೆ ಉರಿ ಶುರುವಾಯಿತು. ಮೊದಲು ಹೆಬ್ಬೆರಳು, ಆಮೇಲೆ ಅದರ ಪಕ್ಕದ ಎರಡು. ಸೋಪಿನ ನೊರೆ ತಾಗಿದರೂ ಕೂಗಬೇಕು ಅನ್ನಿಸುತ್ತಿತ್ತು. ನಾನು ಕೂಗಲಿಲ್ಲ. ಕೈಗೆ ಒಂದು ಹಳೇ ಕಾಲುಚೀಲ ಹಾಕಿಕೊಂಡೆ, ಫ್ಯಾನಿನ ಬಟನ್ ಒತ್ತಿ ಬಂದ್ ಮಾಡಿದೆ, ಅಷ್ಟೇ. ಯಾಕೆ ಅಂತ ನನ್ನ ಹೆಂಡತಿ ಮಹಾದೇವಿ ಕೇಳಲಿಲ್ಲ. ಬೀಸಣಿಗೆ ತಂದು ತನಗೂ ಮಗಳಿಗೂ ಬೀಸಿಕೊಳ್ಳುತ್ತ, ಗಾಳಿ ನನ್ನ ಕಡೆ ಬಾರದ ಹಾಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು.

ಲೋಕಲ್‌ನಲ್ಲಿ ಆಸ್ಪತ್ರೆಗೆ ಹೋಗುವುದು ಒಂದು ಯುದ್ಧ. ಯಾರ ಚೀಲ ತಾಗುತ್ತದೋ, ಯಾರ ಮೊಣಕೈ ತಾಗುತ್ತದೋ ಅಂತ ಹತ್ತಿದಾಗಿನಿಂದ ಇಳಿಯುವವರೆಗೂ ಕಣ್ಣು ಕೈಯ ಮೇಲೇ. ನೋವಿನ ವಿಭಾಗದ ಮುಂದೆ ಉದ್ದನೆಯ ನಾಲ್ಕು ಬೆಂಚು. ಮೂರು ಖಾಲಿ ಇದ್ದರೂ ಜನ ಮೂಲೆಯ ಒಂದರಲ್ಲೇ ಒತ್ತಿಕೊಂಡು ಕೂತಿರುತ್ತಿದ್ದರು. ಮೊದಲ ದಿನ ಇದೇನು ಹುಚ್ಚು ಅನ್ನಿಸಿತು. ಆಮೇಲೆ ತಲೆ ಎತ್ತಿ ನೋಡಿದೆ. ಆ ಬೆಂಚಿನ ಮೇಲಿನ ಫ್ಯಾನು ಬಂದ್ ಆಗಿತ್ತು. ಒಬ್ಬಳ ಮುಖದ ಅರ್ಧಕ್ಕೆ ಮೆತ್ತನೆಯ ಬಟ್ಟೆ, ಒಬ್ಬನ ಕಾಲಿಗೆ ಚಪ್ಪಲಿಯಿಲ್ಲ, ಇನ್ನೊಬ್ಬನ ಅಂಗಿಯ ಒಂದು ತೋಳು ಕತ್ತರಿಸಿದೆ. ಎಲ್ಲರೂ ಗಾಳಿಗೆ ಹೆದರಿದವರೇ. ಅಲ್ಲಿನ ಆಯಾ ಬಂದು ನನ್ನ ಕಾಲುಚೀಲದ ಕೈ ನೋಡಿ, ಏನೂ ಕೇಳದೆ, "ಉಧರ್ ಬೈಠೋ ಕಾಕಾ" ಅಂತ ಆ ಬೆಂಚನ್ನೇ ತೋರಿಸಿದಳು. ಆ ಹೊತ್ತಿಗೆ ನನಗೆ ಅಳು ಬಂದಿತ್ತು. ಕೆಮ್ಮಿದಂತೆ ಮಾಡಿದೆ.

ವಸುಧಾ ಮೇಡಂ ನಮಗೆ ಸಿಕ್ಕಿದ್ದು ಅದೇ ಬೆಂಚಿನ ಮೇಲೆ. "ನೀರು ಕುಡೀರಿ, ಬಾಯಿ ಒಣಗೇತಿ" ಅಂತ ಮಹಾದೇವಿ ಹೇಳಿದ್ದು ಕಿವಿಗೆ ಬಿದ್ದು, ಬಿಳಿ ಕೋಟಿನ, ನರೆತ ಕೂದಲಿನ ಹೆಂಗಸೊಬ್ಬರು ನಿಂತರು.

"ಕನ್ನಡದವರಾ? ನಮ್ಮದು ಮೈಸೂರು ಕಡೆ."

"ವಿಜಯಪುರ್ರಿ. ಡಾಕ್ಟರ್ ಏನ್ರಿ ನೀವು?"

"ಔಷಧಿ ಬರೆಯೋ ಡಾಕ್ಟರ್ ಅಲ್ಲ. ನರಕ್ಕೆ ಪೆಟ್ಟಾದ ಮೇಲೆ ನೋವು ಯಾಕೆ ಹೋಗಲ್ಲ ಅಂತ ಹುಡುಕೋದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಹುಡುಕ್ತಾನೇ ಇದೀನಿ."

"ಇಪ್ಪತ್ತಾರು ವರ್ಷಾ! ಇನ್ನೂ ಸಿಕ್ಕಿಲ್ಲೇನ್ರಿ?"

ಮಹಾದೇವಿ ನನ್ನ ಪಕ್ಕೆಗೆ ತಿವಿದಳು. ಮೇಡಂ ಮಾತ್ರ ನಕ್ಕರು. "ಸ್ವಲ್ಪ ಸ್ವಲ್ಪ ಸಿಕ್ಕಿದೆ. ನೀವೇನು ಕೆಲಸ ಮಾಡ್ತಿದ್ರಿ?"

"ಶಾಫ್ಟ್ ಕಡೀತೀನ್ರಿ, ಲೇಥ್ ಮ್ಯಾಲ."

"ಒಂದಕ್ಕೆ ಎಷ್ಟು ಹೊತ್ತು?"

"ಅರ್ಧಾ ತಾಸು."

"ಪುಣ್ಯವಂತರು" ಅಂದರು.

ನರ ತುಂಡಾಗಿ ಹೊಲಿಸಿಕೊಂಡವರನ್ನು ಒಂದು ವರ್ಷ ನೋಡುತ್ತಾರಂತೆ. ತಿಂಗಳಿಗೊಮ್ಮೆ ಅವರ ಕೋಣೆಗೆ ಹೋಗಬೇಕು. ಮನೆಯಲ್ಲಿ ದಿನಾ ಬೆಳಿಗ್ಗೆ ಸಂಜೆ ನೋವು ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಡೈರಿಯಲ್ಲಿ ಬರೆಯಬೇಕು. ಅದೇ ಡೈರಿ ನೋಡಿ ನೋವಿನ ಡಾಕ್ಟರು ಗುಳಿಗೆ ಹೆಚ್ಚು ಕಡಿಮೆ ಮಾಡುತ್ತಾರೆ. ನಾನು ಒಪ್ಪಿದೆ. ಸಾಲಿ ಬಿಟ್ಟವನ ಬರವಣಿಗೆ ಇಂಥಾ ಓದಿದವರಿಗೆ ಬೇಕಾಗಿದೆ ಅನ್ನುವುದು ಒಪ್ಪಲು ಅರ್ಧ ಕಾರಣ.

ಮೊದಲ ದಿನ ಅವರು ಒಂದು ಪೆಟ್ಟಿಗೆ ತೆರೆದರು. ಒಳಗೆ ಸಣ್ಣ ಸಣ್ಣ ಹಿಡಿಕೆ, ತುದಿಗೆ ಒಂದೊಂದು ನೈಲಾನ್ ಎಳೆ, ಕೂದಲಿಗಿಂತ ತೆಳುವಿನಿಂದ ಹಿಡಿದು ಮೀನು ಹಿಡಿಯುವ ದಾರದಷ್ಟರವರೆಗೆ. ಒಂದೊಂದು ಎಳೆಯೂ ಗೊತ್ತಾದ ಒಂದು ಭಾರಕ್ಕೆ ಬಾಗುತ್ತದೆ. ಅದನ್ನು ಬೆರಳಿಗೆ ತಾಗಿಸಿ ಗೊತ್ತಾಯಿತಾ, ಉರಿಯಿತಾ ಅಂತ ಕೇಳುತ್ತಾರೆ.

"ನಮ್ಮ ಅಳತಿ ನೋಡೋ ಗೇಜ್ ಸೆಟ್ ಇದ್ದಂಗ ಐತ್ರಿ ಇದು" ಅಂದೆ. "ಇವುನ್ನ ಚೆಕ್ ಮಾಡವ್ರು ಯಾರು? ಗೇಜ್ ಸವೀತಾವಲ್ರಿ."

ಅವರು ನನ್ನ ಮುಖ ನೋಡಿದರು. "ಪ್ರತಿ ಸೋಮವಾರ ತಕ್ಕಡಿ ಮೇಲೆ ಒತ್ತಿ ನಾನೇ ನೋಡ್ತೀನಿ. ಈ ಪ್ರಶ್ನೆ ಕೇಳಿದ ಮೊದಲನೇ ಪೇಷಂಟ್ ನೀವು."

ಆ ದಿನ ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಇನ್ನು ನನ್ನ ತಪ್ಪಿನ ಮಾತು. ಕಾರ್ಖಾನೆಯ ಸೇಠ್ ಕಡ್ಡಿ ಮುರಿದಂತೆ ಹೇಳಿದ್ದ: ಕೈ ಕೆಲಸಕ್ಕೆ ಸರಿಯಾಗಿದೆ ಅಂತ ಆಸ್ಪತ್ರೆಯ ಕಾಗದ ತಾ, ಆಮೇಲೆ ಮಷಿನ್ ಮುಟ್ಟು. ನೋವಿನ ಡಾಕ್ಟರನ್ನು ಕೇಳಿದೆ. "ನೋವು ಮೂರರೊಳಗೆ ಬಂದು ಮೂರು ತಿಂಗಳು ಅಲ್ಲೇ ನಿಲ್ಲಲಿ, ಆಗ ನೋಡೋಣ" ಅಂದರು. ನಾನು ಕೇಳಿಸಿಕೊಂಡಿದ್ದು ಒಂದೇ: ಮೂರು. ಲೇಥಿನವನಿಗೆ ಅಂಕಿ ಹೇಳಿಬಿಟ್ಟರೆ ಸಾಕು, ಅದರೊಳಗೆ ಕೂರಿಸುವುದು ನಮ್ಮ ಧಂದೆ. ಯುಗಾದಿ ಕಳೆದ ಮರುದಿನ ಡೈರಿ ಕೈಗೆ ಬಂತು, ಅವತ್ತಿನಿಂದಲೇ ನಾನು ಮೂರು ಅಂತ ಬರೆದೆ. ಬೆಳಿಗ್ಗೆ ಮೂರು, ಸಂಜೆ ಮೂರು.

ಕೈ ಮಾತ್ರ ಎಂಟು ಅನ್ನುತ್ತಿತ್ತು. ಕೆಲವು ದಿನ ಒಂಬತ್ತು.

ಡೈರಿ ನೋಡಿ ಡಾಕ್ಟರು ಗುಳಿಗೆ ಇಳಿಸಿದರು. ಉರಿ ಏರಿತು. ಮತ್ತೆ ಮೂರು ಬರೆದೆ. ಇನ್ನೂ ಇಳಿಸಿದರು. "ನಿಜವಾಗ್ಲೂ ಆರಾಮಾ?" ಅಂತ ಎರಡು ಸಲ ಕೇಳಿದರು. "ಆರಾಮ್ ಹೈ ಸಾಹೇಬ್" ಅಂದೆ.

ಮಗಳು ಸ್ನೇಹಾ ಬಾಂದ್ರಾದ ಒಂದು ಆಫೀಸಿನಲ್ಲಿದ್ದಾಳೆ. ಅವಳ ಕನ್ನಡಕ್ಕೆ ಅರ್ಧ ಹಿಂದಿ ಬೆರೆತಿರುತ್ತದೆ. ಒಂದು ಸಂಜೆ ಬೆವರಿಳಿಸಿಕೊಂಡು ಬಂದವಳು ನನ್ನ ಡೈರಿ ಬಗ್ಗಿ ನೋಡಿದಳು.

"ಪಪ್ಪಾ, ಸಚ್ ಮೇಂ ಮೂರು? ಫಿರ್ ಫ್ಯಾನ್ ಚಾಲೂ ಮಾಡ್ತೀನಿ ದೇಖೋ." ಅವಳ ಬೆರಳು ಬಟನ್ ಮೇಲೆ.

"ಬ್ಯಾಡ" ಅಂದೆ. ಕೂಗಿಬಿಟ್ಟಿದ್ದೆ ಅನ್ನಿಸುತ್ತದೆ, ಪಕ್ಕದ ಖೋಲಿಯವರು ಇಣುಕಿದರು.

ಮಹಾದೇವಿ ಒಲೆ ಮುಂದಿನಿಂದ ತಿರುಗದೇ ಹೇಳಿದಳು, "ಅವಂಗ ಮಷಿನ್ ಬೇಕಾಗೇತಿ, ಸ್ನೇಹಾ. ಕೈ ಬ್ಯಾಡಾಗೇತಿ." ನನ್ನನ್ನು ಎಂದೂ ಏಕವಚನದಲ್ಲಿ ಆಡಿದವಳಲ್ಲ. ಆ ದಿನ ಆಡಿದಳು. ಹೆದರಿಕೆ ಆಗಲೇ ಶುರುವಾಗಿತ್ತು. ಮಷಿನ್ ಇಲ್ಲದಿದ್ದರೆ ನಾನು ಯಾರು ಅನ್ನುವ ಹೆದರಿಕೆ ಒಂದು ಕಡೆ. ಈ ಉರಿ ಇನ್ನು ಹೋಗುವುದೇ ಇಲ್ಲವೇನೋ ಅನ್ನುವುದು ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದು ಅಂತ ತೂಗಲು ಆಗುತ್ತಿರಲಿಲ್ಲ.

ಮೇಡಂ ಕೋಣೆಯಲ್ಲೂ ಅದೇ ನಾಟಕ. ಅತಿ ತೆಳುವಿನ ಎಳೆ ತಾಗಿದರೂ ಕೈ ತಾನಾಗಿ ಹಿಂದಕ್ಕೆ ಹಾರುತ್ತಿತ್ತು. "ಎಷ್ಟು?" ಅಂದರೆ ಬಾಯಿ "ಎರಡ್ರಿ" ಅನ್ನುತ್ತಿತ್ತು. ಅವರು ಎರಡನ್ನೂ ಬರೆದುಕೊಳ್ಳುತ್ತಿದ್ದರು. ಕೈ ಹೇಳಿದ್ದು ಒಂದು ಕಾಲಂ, ನಾನು ಹೇಳಿದ್ದು ಒಂದು ಕಾಲಂ.

ಒಮ್ಮೆ ಕೇಳಿದೆ, "ಈ ಕೆಲಸಕ್ಕ ಯಾಕ ಬಂದ್ರಿ ಮೇಡಂ?"

"ನಮ್ಮಜ್ಜಿಗೆ ಸರ್ಪಸುತ್ತು ಆಗಿತ್ತು. ಗುಳ್ಳೆ ಎಲ್ಲ ಹೋಯ್ತು, ಉರಿ ಹೋಗ್ಲಿಲ್ಲ. ಬೆನ್ನಿಗೆ ಸೀರೆ ತಾಗಿದ್ರೆ ಕಿರುಚೋರು. ಮನೆಯವರೆಲ್ಲ ಮುದುಕಿ ನಾಟಕ ಆಡ್ತಾಳೆ ಅಂತಿದ್ರು. ನಾನು ಚಿಕ್ಕೋಳು, ನಗ್ತಿದ್ದೆ." ಎಳೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಸೇರಿಸಿದರು. "ಮೊದಲ ಹದಿನೈದು ವರ್ಷ ಇಲಿಗಳ ಮೇಲೇ ಕೆಲಸ ಮಾಡಿದೆ. ಇದೇ ಎಳೆ ಪಾದಕ್ಕೆ ತಾಗಿಸೋದು, ಕಾಲು ಎತ್ತುತ್ತಾ ಅಂತ ನೋಡೋದು. ಇಲಿಗೆ ಮಾನ ಮರ್ಯಾದೆ ಚಿಂತೆ ಇಲ್ಲ ನೋಡಿ, ಸುಳ್ಳು ಹೇಳಲ್ಲ. ಆದ್ರೆ ಎಷ್ಟು ಉರೀತಿದೆ ಅಂತಾನೂ ಹೇಳಲ್ಲ. ಅದಕ್ಕೇ ಮನುಷ್ಯರ ಹತ್ತಿರ ಬಂದೆ. ನೋವಿಗೆ ಮೈಕ್ರೋಮೀಟರ್ ಇಲ್ಲ, ಯಜಮಾನ್ರೇ. ನನಗಿರೋ ಮೈಕ್ರೋಮೀಟರ್ ನೀವೇ."

ನನ್ನ ಕಿವಿ ಬಿಸಿಯಾಯಿತು. ಕಾಲುಚೀಲ ಎಳೆದುಕೊಂಡು ಎದ್ದು ಬಂದೆ.

ಡಾಕ್ಟರು ಹೇಳಿದ ಮೂರು ತಿಂಗಳು ಮುಗಿದು, ಡೈರಿಗೆ ನೂರು ದಿನ ತುಂಬಲು ಎರಡು ದಿನ ಇದ್ದಾಗ ಕಾರ್ಖಾನೆಗೆ ಹೋದೆ. ಕಾಗದ ಇನ್ನೇನು ಬಂದೇ ಬಿಟ್ಟಿತು, ಮಷಿನ್ ಮುಖ ನೋಡಿ ಬರೋಣ ಅಂತ. ನನ್ನ ಲೇಥ್ ಮುಂದೆ ಜೊತೆಯ ಕೆಲಸಗಾರ ಶಿಂದೆ ನಿಂತಿದ್ದ. ಈ ಶಿಂದೆಗೂ ನನಗೂ ಆರು ವರ್ಷದಿಂದ ಅಷ್ಟಕ್ಕಷ್ಟೇ. ಆಗ ಅವನು ನಲವತ್ತು ಪೀಸಿನ ತಪಾಸಣೆ ಶೀಟು ತಂದುಕೊಟ್ಟಿದ್ದ. ನಲವತ್ತಕ್ಕೂ ಒಂದೇ ಅಳತೆ ಬರೆದಿದ್ದ. ನಾನು ಪೀಸು ಮುಟ್ಟಿಯೂ ನೋಡಲಿಲ್ಲ, ಎಲ್ಲರೆದುರು ಶೀಟು ಹರಿದು ಹಾಕಿದೆ. "ಅಸಲಿ ರೀಡಿಂಗ್ ಕುಣೀತದ ಶಿಂದೆ, ಕೂತು ಬರದದ್ದು ಅಷ್ಟ ಸಪಾಟ ಇರ್ತದ" ಅನ್ನುವ ಅರ್ಥದಲ್ಲಿ ಹಿಂದಿಯಲ್ಲಿ ಜೋರಾಗಿ ಹೇಳಿದ್ದೆ. ಆ ಮಾತು ಕಾರ್ಖಾನೆಯಲ್ಲಿ ಇವತ್ತಿಗೂ ನನ್ನ ಹೆಸರಲ್ಲೇ ಓಡಾಡುತ್ತದೆ.

ಮಷಿನ್ನಿನ ಹತ್ತಿರ ಹೋಗಿ ನಿಂತೆ. ಚಕ್ ಗರಗರ ತಿರುಗುತ್ತಿತ್ತು. ಎಣ್ಣೆಯ ವಾಸನೆಗೆ ಕಣ್ಣು ತುಂಬಿತು. ಕಾಲುಚೀಲ ತೆಗೆದು ಕಿಸೆಯಲ್ಲಿಟ್ಟೆ, ಇವರೆದುರು ಅದೇನು ಶೋಭೆ? ಅಷ್ಟರಲ್ಲಿ ಆಚೆಯ ಮಷಿನ್ನಿನವನು ಚೂರು ಹಾರಿಸಲು ಗಾಳಿಯ ಪೈಪು ಬಿಟ್ಟ. ಆ ಗಾಳಿ ನೇರ ನನ್ನ ಬೆರಳಿಗೆ ಬಡಿಯಿತು.

ಮುಂದಿನದು ನನಗೆ ತುಂಡು ತುಂಡಾಗಿ ನೆನಪಿದೆ. ಕಣ್ಣು ಕತ್ತಲಾಯಿತು. ಮುಂದಕ್ಕೆ ಬಿದ್ದೆ, ಮುಂದಿದ್ದದ್ದು ತಿರುಗುವ ಚಕ್. ಶಿಂದೆ ಹಿಂದಿನಿಂದ ಕಾಲರ್ ಹಿಡಿದು ಎಳೆದ. ಇಬ್ಬರೂ ನೆಲಕ್ಕೆ ಬಿದ್ದೆವು. ಯಾರೋ ಮಷಿನ್ ಬಂದ್ ಮಾಡಿದರು. ಅದು ನಿಲ್ಲುವವರೆಗೂ ನಾವಿಬ್ಬರೂ ಅದನ್ನೇ ನೋಡುತ್ತ ಕೂತಿದ್ದೆವು.

"ಉಸ್ತಾದ್," ಅಂದ ಶಿಂದೆ ಏದುಸಿರು ಬಿಡುತ್ತ, "ಕಾಗದ್ ಪೇ ಕಿತನಾ ಲಿಖಾ ಹೈ?" ನೋವಿನ ಅಂಕಿ ಬರೆಯುವ ಡೈರಿಯ ವಿಷಯ ಕಾರ್ಖಾನೆಗೆಲ್ಲ ಗೊತ್ತಿತ್ತು.

"ತೀನ್" ಅಂದೆ.

ಅವನು ನನ್ನ ಕೈ ನೋಡಿದ. ಶೀಟಿನ ಮಾತನ್ನು ನನಗೇ ತಿರುಗಿಸಿ ಹೇಳಿದ್ದರೇ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಮೇಡಂ ಕೋಣೆಗೆ ಹೋದೆ. ಆ ದಿನ ಮಹಾದೇವಿಯನ್ನೂ ಕರೆದುಕೊಂಡಿದ್ದೆ. ಒಬ್ಬನೇ ಲೋಕಲ್ ಹತ್ತಲು ಧೈರ್ಯ ಇರಲಿಲ್ಲ, ಆದರೆ ಅವಳಿಗೆ ಹಾಗೆ ಹೇಳಲಿಲ್ಲ. ಮೇಡಂ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

"ನೂರು ದಿನ ಆಯ್ತು, ನೋಡಿ. ಒಂದೊಂದು ಗೆರೆ ಒಬ್ಬೊಬ್ಬರದು. ಹೆಸರಿಲ್ಲ."

ಹತ್ತಿಪ್ಪತ್ತು ಬಣ್ಣದ ಗೆರೆ. ಒಂದು ಮೇಲೆ ಹಾರುತ್ತದೆ, ಕೆಳಗೆ ಬೀಳುತ್ತದೆ, ಮತ್ತೆ ಹಾರುತ್ತದೆ. ಇನ್ನೊಂದು ಗರಗಸದ ಹಲ್ಲಿನಂತೆ. ಎಲ್ಲರದೂ ಕುಣಿಯುತ್ತಿತ್ತು. ಅದರ ನಡುವೆ ಒಂದು ನೀಲಿ ಗೆರೆ, ಫುಟ್‌ಪಟ್ಟಿ ಇಟ್ಟು ಎಳೆದಂತೆ ಸಪಾಟ.

ಅದು ಯಾರದು ಅಂತ ನಾನು ಕೇಳಲಿಲ್ಲ. ಆರು ವರ್ಷದ ಹಿಂದೆ ಪೀಸು ಮುಟ್ಟದೇ ಹೇಳಿದವನಿಗೆ ಇದು ತಿಳಿಯದೇ ಇರುತ್ತದೆಯೇ? ಶೀಟು ಹರಿದಾಗ ಶಿಂದೆಯ ಮುಖ ಹೇಗಿತ್ತು ಅನ್ನುವುದು ಅವತ್ತು ಮೊದಲ ಸಲ ನನಗೆ ಕಾಣಿಸಿತು.

"ಮೇಡಂ, ಒಂದು ಕೆಂಪು ಪೆನ್ನು ಕೊಡ್ರಿ."

ಕೊಟ್ಟರು. ಡೈರಿ ತೆರೆದು ಮೊದಲ ಹಾಳೆಯಿಂದ ಕೊನೆಯವರೆಗೆ ಅಡ್ಡ ಗೀರು ಹಾಕಿದೆ. ಎಡಗೈ, ಗೀರು ವಕ್ರವಕ್ರ ಹೋಯಿತು. "ಪೂರಾ ಲಾಟ್ ರಿಜೆಕ್ಟ್ ಮಾಡ್ರಿ" ಅಂದೆ. "ಇವು ಅಳತಿ ಅಲ್ಲ. ನಾನು ಕೂತು ಬರದದ್ದು."

ಮಹಾದೇವಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

"ಹಾಗಾದ್ರೆ ಇವತ್ತು ಎಷ್ಟು?" ಅಂತ ಮೇಡಂ ಮೆಲ್ಲಗೆ ಕೇಳಿದರು.

ಪೆನ್ನು ಮೇಜಿನ ಮೇಲಿಟ್ಟೆ. ನಿಜದ ಅಂಕಿ ಹೇಳಿದರೆ ಕಾಗದ ಇಲ್ಲ, ಲೇಥ್ ಇಲ್ಲ, ಉಸ್ತಾದ್ ಇಲ್ಲ.

"ಒಂಬತ್ತು."

ಮಹಾದೇವಿ ಅತ್ತಳು. ನನಗೂ ಬಂತು, ಈ ಸಲ ಕೆಮ್ಮಲಿಲ್ಲ.

"ನಿಮಗ ಗೊತ್ತಿತ್ತೇನ್ರಿ?" ಅಂತ ಆಮೇಲೆ ಕೇಳಿದೆ.

"ಅನುಮಾನ ಇತ್ತು. ಕೈಯ ಕಾಲಂ ನೋಡಿ ಅಂತ ಡಾಕ್ಟರಿಗೆ ಎರಡು ಸಲ ಬರೆದೆ. ಅವರು ನಿಮ್ಮನ್ನೇ ಕೇಳಿದ್ರು, ನೀವು ಆರಾಮ್ ಅಂದ್ರಿ."

"ನೀವು ಬೈದು ಕೇಳಬೇಕಿತ್ತು."

"ಬೈದಿದ್ರೆ ನನಗೆ ಬೇಕಾದ ಅಂಕಿ ಕೊಟ್ಟು ಎದ್ದು ಹೋಗ್ತಿದ್ರಿ. ಅದೂ ಕೂತು ಬರೆದದ್ದೇ ಅಲ್ವಾ?" ಗೀರು ಹಾಕಿದ ಡೈರಿಯನ್ನು ತಮ್ಮ ಕಡೆ ಎಳೆದುಕೊಂಡರು. "ಇದನ್ನ ಬಿಸಾಡಲ್ಲ. ಉಳಿದವರ ಜೊತೆ ಸೇರಿಸೋದೂ ಇಲ್ಲ. ಇಪ್ಪತ್ತಾರು ವರ್ಷ ನರ ಓದಿದೆ. ಒಂಬತ್ತು ಇರೋರು ಮೂರು ಅಂತ ಯಾಕೆ ಬರೀತಾರೆ ಅನ್ನೋದನ್ನ ಓದೇ ಇರ್ಲಿಲ್ಲ."

ಪರದೆಯನ್ನು ನಮ್ಮ ಕಡೆ ತಿರುಗಿಸಿದ್ದು ಬೇಕಂತಲೋ ಅಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ಅವತ್ತು ಅವರೇ ನಮ್ಮನ್ನು ನೋವಿನ ಡಾಕ್ಟರ ಕೋಣೆಗೆ ಕರೆದುಕೊಂಡು ಹೋದರು. ಡಾಕ್ಟರು ಬೈದರು, ಬೈಸಿಕೊಂಡೆ. ಗುಳಿಗೆ ಮತ್ತೆ ಏರಿತು, ಇನ್ನೊಂದು ಬದಲಾಯಿತು. ದಿನಾ ಬೇರೆ ಬೇರೆ ಬಟ್ಟೆಯಿಂದ ಕೈ ಸವರುವುದನ್ನು ಕಲಿಸಿದರು. ಮೊದಲು ಹತ್ತಿ, ಆಮೇಲೆ ಮಹಾದೇವಿಯ ಹಳೇ ಇಳಕಲ್ ಸೀರೆ, ಆಮೇಲೆ ಟವೆಲ್. ಟವೆಲ್‌ಗೆ ಬರಲು ಹತ್ತು ವಾರ ಹಿಡಿಯಿತು.

ಲೇಥಿಗೆ ಕಾಗದ ಸಿಗಲಿಲ್ಲ. ಕೂತು ಮಾಡುವ ಕೆಲಸಕ್ಕೆ ಸಿಕ್ಕಿತು. ಈಗ ನಾನು ತಪಾಸಣೆಯ ಟೇಬಲ್ಲಿನ ಹಿಂದೆ ಕೂತು ಎಡಗೈಯಲ್ಲಿ ಮೈಕ್ರೋಮೀಟರ್ ಹಿಡಿಯುತ್ತೇನೆ. ಬಲ ಹೆಬ್ಬೆರಳಿಗೆ ಉಕ್ಕಿನ ನುಣುಪು ಇನ್ನೂ ತಿಳಿಯುವುದಿಲ್ಲ. ತಿಳಿಯುತ್ತದೋ ಇಲ್ಲವೋ ಅನ್ನುವ ಹೆದರಿಕೆ ಹೋಗಿಲ್ಲ, ಹೋಗಿದೆ ಅಂತ ಬರೆದರೆ ಅದೂ ಸುಳ್ಳೇ. ನನ್ನ ಮಷಿನ್ ಮೇಲೆ ಶಿಂದೆ ಇದ್ದಾನೆ. ಮೊದಲ ದಿನ ಶೀಟು ತಂದಿಟ್ಟು, ಹರಿಯುವಂತೆ ಕೈಸನ್ನೆ ಮಾಡಿ, ಹಲ್ಲು ಕಿರಿದು ಕೇಳಿದ, "ಉಸ್ತಾದ್, ಫಾಡೋಗೇ ಕ್ಯಾ?" ನೋಡಿದೆ. ಅಳತೆಗಳು ಕುಣಿಯುತ್ತಿದ್ದವು. ಸಹಿ ಹಾಕಿ, ಆರು ವರ್ಷದ ಹಿಂದಿನದಕ್ಕೆ ಮಾಫಿ ಕೇಳಿದೆ. "ಚಾಯ್ ಪಿಲಾವೋ ಪಹಲೇ" ಅಂದ.

ಉರಿ ಬಿಡದವರಿಗೆ ನನ್ನದೊಂದೇ ಮಾತು. ನಿಮ್ಮ ಅಂಕಿಯನ್ನು ನಿಮ್ಮನ್ನು ಬಿಟ್ಟು ಬೇರೆ ಯಾರೂ ಓದಲಾರರು. ಸರಿಯಾಗಿ ಓದಿ ಹೇಳಿ.

ಮೊನ್ನೆ ಸಂಜೆ ಸ್ನೇಹಾ ಆಫೀಸಿನಿಂದ ಬಂದಳು. ಚಪ್ಪಲಿ ಬಿಡುವ ಮೊದಲೇ ಕೈ ಫ್ಯಾನಿನ ರೆಗ್ಯುಲೇಟರ್ ಮೇಲೆ. ನಾನು ಹೇಳುವ ಅಂಕಿ ನೋಡಿ ಫ್ಯಾನು ಎಷ್ಟರಲ್ಲಿಡಬೇಕು ಅನ್ನುವುದು ಈಗ ನಮ್ಮ ಮನೆಯ ಪದ್ಧತಿ.

"ಪಪ್ಪಾ, ಆಜ್ ಎಷ್ಟು?"

"ನಾಕು."

ಅವಳು ತಿರುಗಿಸಲಿಲ್ಲ. ನನ್ನನ್ನೇ ನೋಡುತ್ತ ನಿಂತಳು, ಬೆವರು ಗಲ್ಲದಿಂದ ಇಳಿಯುತ್ತಿತ್ತು. "ಪಕ್ಕಾ?"

ಕೈಯನ್ನೊಮ್ಮೆ ನೋಡಿಕೊಂಡೆ.

"ಐದು" ಅಂದೆ.

ಅವಳು ಫ್ಯಾನನ್ನು ಒಂದಕ್ಕಿಟ್ಟಳು. ಅದು ಮೆಲ್ಲಗೆ ತಿರುಗಿತು.